ವಿಜ್ಞಾನ ಹೇಳಿಕೊಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಮೇಷ್ಟ್ರು, ಮೇಡಂಗಳು, ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಮಕ್ಕಳನ್ನು ಕೂಡಿಸಿಕೊಳ್ಳುವವರು, ಊರಿನ ಗ್ರಂಥಾಲಯದಲ್ಲಿ ಏನಾದರೂ ಮಾಡೋಣ ಎನ್ನುವ ಯುವಕರು. ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ನಾನು ವಿಜ್ಞಾನ ಓದಿದವನಲ್ಲ. ಮಕ್ಕಳಿಗೆ ಹೇಳಿಕೊಡಬಹುದಾ?

ಧಾರಾಳವಾಗಿ. ಒಂದೇ ಷರತ್ತು: ಮಕ್ಕಳ ಮುಂದೆ ಮಾಡುವ ಪ್ರಯೋಗವನ್ನು ಹಿಂದಿನ ದಿನ ಮನೆಯಲ್ಲಿ ನೀವೇ ಮಾಡಿ ನೋಡಿರಬೇಕು. ಪುಸ್ತಕದಲ್ಲಿ ಸಲೀಸಾಗಿ ಕಾಣುವ ಪ್ರಯೋಗ ನಿಮ್ಮ ಮೇಜಿನ ಮೇಲೆ ಹಟ ಮಾಡಬಹುದು. ಅದು ಯಾಕೆ ಹಟ ಮಾಡಿತು ಎಂದು ಹುಡುಕುವಾಗಲೇ ಅರ್ಧ ವಿಜ್ಞಾನ ಕಲಿತಿರುತ್ತೀರಿ.

ಮೊದಲ ದಿನ ಏನು ತೋರಿಸಲಿ?

ಒಂದು ದಪ್ಪ ಪುಸ್ತಕ, ಅದಕ್ಕಿಂತ ಸ್ವಲ್ಪ ಚಿಕ್ಕದಾದ ಒಂದು ಹಾಳೆ. ಇಷ್ಟು ಸಾಕು.

ಎರಡನ್ನೂ ಒಂದೇ ಎತ್ತರದಲ್ಲಿ ಬೇರೆ ಬೇರೆ ಹಿಡಿದು ಬಿಡಿ. ಪುಸ್ತಕ ದಪ್ಪನೆ ಬೀಳುತ್ತದೆ, ಹಾಳೆ ತೇಲಾಡಿಕೊಂಡು ಬರುತ್ತದೆ. "ಯಾಕೆ?" ಎಂದರೆ ಇಡೀ ತರಗತಿ "ಪುಸ್ತಕ ಭಾರ" ಎಂದು ಕೂಗುತ್ತದೆ. ಈಗ ಹಾಳೆಯನ್ನು ಪುಸ್ತಕದ ಮೇಲೆ ಇಡಿ. ಬಿಡುವ ಮೊದಲು ಕೇಳಿ: ಈಗ ಏನಾಗುತ್ತದೆ? ಹಾಳೆ ಹಿಂದೆ ಉಳಿಯುತ್ತಾ, ಜೊತೆಗೇ ಬರುತ್ತಾ? ಕೈ ಎತ್ತಿಸಿ, ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಬಿಡಿ. ಎರಡೂ ಒಟ್ಟಿಗೇ ಬೀಳುತ್ತವೆ.

ಗಲಾಟೆ ಶುರುವಾಗುತ್ತದೆ. ಹಾಳೆ ಪುಸ್ತಕಕ್ಕೆ ಅಂಟಿಕೊಂಡಿತ್ತು ಎಂದು ಒಬ್ಬಳು ಹೇಳುತ್ತಾಳೆ. ಗಾಳಿ ಸಿಗಲಿಲ್ಲ ಎಂದು ಇನ್ನೊಬ್ಬ. ಅಂಟಿಕೊಂಡಿತ್ತು ಅಂದವಳಿಗೆ ಏನು ಹೇಳಬೇಕು? ಏನೂ ಹೇಳಬೇಡಿ. "ಅದನ್ನು ಹೇಗೆ ನೋಡೋದು?" ಎಂದು ಕೇಳಿ. ಯಾರಾದರೂ ಹಾಳೆಯನ್ನು ಉಂಡೆ ಮಾಡಿ ಪುಸ್ತಕದ ಪಕ್ಕದಲ್ಲಿ ಬಿಟ್ಟೇ ಬಿಡುತ್ತಾರೆ. ಉಂಡೆ ಮಾಡಿದರೂ ಹಾಳೆಯ ತೂಕ ಅಷ್ಟೇ, ಆದರೆ ಈಗ ಅದು ಪುಸ್ತಕಕ್ಕೆ ಸರಿಸಮ ಬೀಳುತ್ತದೆ. ಗಾಳಿಯ ತಡೆಯ ಮಾತು ಅಲ್ಲಿಂದ ತಾನಾಗಿ ಬರುತ್ತದೆ.

ಮೊದಲು ಊಹೆ, ಆಮೇಲೆ ಪ್ರಯೋಗ, ವಿವರಣೆ ಕೊನೆಗೆ. ಈ ಪುಟದಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ಊಹೆ ಹೇಳಿದ ಮಗು ಆ ಪ್ರಯೋಗದ ಮೇಲೆ ಬಾಜಿ ಕಟ್ಟಿದ ಹಾಗೆ. ಕಣ್ಣು ಆ ಕಡೆ ಈ ಕಡೆ ಹೋಗುವುದಿಲ್ಲ.

ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ. ಸಾಮಾನು ಎಲ್ಲಿಂದ ತರೋದು?

ಅಡುಗೆಮನೆ, ಹಿತ್ತಿಲು, ಗುಜರಿ. ಮದುವೆ ಮನೆಯಲ್ಲಿ ಆರತಿ ಎತ್ತುವ ಕೆಂಪು ನೀರನ್ನು ಎಲ್ಲರೂ ನೋಡಿರುತ್ತಾರೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆ ಬಣ್ಣ. ಆ ಕೆಂಪು ನೀರಿಗೆ ನಿಂಬೆರಸ ಹಿಂಡುತ್ತಾ ಹೋದರೆ ಮತ್ತೆ ಹಳದಿ. ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಲಿಟ್ಮಸ್ ಕಾಗದಕ್ಕಾಗಿ ಕಾಯದೆ ಇಲ್ಲಿಂದಲೇ ಶುರು ಮಾಡಬಹುದು. ಅಂಗಿಗೆ ಬಿದ್ದ ಸಾರಿನ ಕಲೆ ಸೋಪು ತಾಗಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ. ಆದರೆ ಅದನ್ನು ನೀವು ಹೇಳಬೇಡಿ, ಯಾವುದಾದರೂ ಮಗುವಿಗೆ ನೆನಪಾಗಲಿ.

ಶಂಖಪುಷ್ಪದ ಹೂವು ಸಿಕ್ಕರೆ ಇನ್ನೂ ಮಜಾ. ಬಿಸಿ ನೀರಿನಲ್ಲಿ ಹಾಕಿದರೆ ಗಾಢ ನೀಲಿ. ನಿಂಬೆರಸಕ್ಕೆ ನೇರಳೆ, ಗುಲಾಬಿ. ಸೋಡಾ ಪುಡಿಗೆ ಹಸಿರಿನ ಕಡೆ ತಿರುಗುತ್ತದೆ.

ಪಾರದರ್ಶಕ ಪ್ಲಾಸ್ಟಿಕ್ ತುಂಡಿನ ಮೇಲೆ ಒಂದು ಹನಿ ನೀರು ಬಿಟ್ಟು ಪತ್ರಿಕೆಯ ಅಕ್ಷರದ ಮೇಲಿಡಿ. ಅಕ್ಷರ ದೊಡ್ಡದಾಗಿ ಕಾಣುತ್ತದೆ. ಪ್ಲಾಸ್ಟಿಕನ್ನು ಸ್ವಲ್ಪ ಮೇಲೆತ್ತಿದರೆ ಇನ್ನೂ ದೊಡ್ಡದು. ಒಂದು ರೂಪಾಯಿ ಖರ್ಚಿಲ್ಲದ ಭೂತಗನ್ನಡಿ.

ಇದು ಹೊಸ ದಾರಿಯೇನಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 1972ರಲ್ಲೇ ಮಾಡಿ ಕಲಿಯುವ ವಿಜ್ಞಾನದ ಕಾರ್ಯಕ್ರಮ ಶುರುವಾಗಿತ್ತು. ಅಲ್ಲಿಗೆ ಹೋದ ಎಂಜಿನಿಯರ್ ಅರವಿಂದ್ ಗುಪ್ತಾ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳನ್ನು ಜೋಡಿಸಿ ತ್ರಿಕೋನ, ಚೌಕ, ಗೋಪುರ ಕಟ್ಟಿಸಿದರು. ಮುಂದೆ ಕಸದಿಂದ ಆಟಿಕೆ ಮಾಡುವುದೇ ಅವರ ಜೀವಮಾನದ ಕೆಲಸವಾಯಿತು. 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳ ವಿಡಿಯೋಗಳು ಪುಕ್ಕಟೆಯಾಗಿ ಸಿಗುತ್ತವೆ, ನೋಡಿ.

ಮೇಣದಬತ್ತಿಯ ಮೇಲೆ ಲೋಟ ಮುಚ್ಚಿದರೆ ನೀರು ಮೇಲೇರುತ್ತೆ. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಅಂತ ತೋರಿಸಲು ಇದು ಒಳ್ಳೆಯದು ಅಲ್ವಾ?

ಪ್ರಯೋಗ ಒಳ್ಳೆಯದು, ವಿವರಣೆ ತಪ್ಪು. ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ತಪ್ಪು ಇದು.

ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ. ದೀಪ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಸುಟ್ಟುಹೋಯಿತು, ಆ ಜಾಗಕ್ಕೆ ನೀರು ಬಂತು ಎಂದು ಹೇಳಿ ಮುಗಿಸುತ್ತೇವೆ. ನೀರು ಸುಮಾರು ಐದನೇ ಒಂದು ಭಾಗ ಏರಿದರಂತೂ ಮೇಷ್ಟ್ರ ಮುಖದಲ್ಲಿ ಗೆಲುವು.

ಆದರೆ ಸ್ವಲ್ಪ ನಿಧಾನವಾಗಿ ನೋಡಿ. ಆಮ್ಲಜನಕ ಖರ್ಚಾಗುವುದೇ ಕಾರಣವಾದರೆ ದೀಪ ಉರಿಯುತ್ತಿರುವಾಗಲೇ ನೀರು ಒಂದೇ ಸಮ ಏರುತ್ತಾ ಹೋಗಬೇಕಿತ್ತು. ಹಾಗಾಗಲ್ಲ. ದೀಪ ಉರಿಯುವಾಗ ನೀರು ಹೆಚ್ಚು ಕಡಿಮೆ ಸುಮ್ಮನಿರುತ್ತದೆ, ಆರಿದ ಮೇಲೆ ಸರ್ರನೆ ಏರುತ್ತದೆ. ಲೋಟ ಮುಚ್ಚಿದ ಹೊಸದರಲ್ಲಿ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಉಂಟು. ಜೊತೆಗೆ, ಮೇಣ ಉರಿದಾಗ ಆಮ್ಲಜನಕ ಹೋಗಿ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಜಾಗ ಪೂರ್ತಿ ಖಾಲಿಯಾಗುವುದಿಲ್ಲ. ಇನ್ನೂ ಒಂದಿಷ್ಟು ಆಮ್ಲಜನಕ ಉಳಿದಿರುವಾಗಲೇ ದೀಪ ಆರಿಬಿಡುತ್ತದೆ.

ಮುಖ್ಯ ಕಾರಣ ಬಿಸಿ. ಜ್ವಾಲೆಯಿಂದ ಬಿಸಿಯಾದ ಗಾಳಿ ಹಿಗ್ಗಿರುತ್ತದೆ, ಸ್ವಲ್ಪ ಹೊರಗೂ ಹೋಗಿರುತ್ತದೆ. ದೀಪ ಆರಿದ ಕೂಡಲೇ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ.

ಇದನ್ನು ಮಕ್ಕಳ ಕೈಯಲ್ಲೇ ಪರೀಕ್ಷೆ ಮಾಡಿಸಬಹುದು. ಅದೇ ಲೋಟ, ಅಷ್ಟೇ ನೀರು. ಈ ಸಲ ಒಂದರ ಬದಲು ಮೂರು ಮೇಣದಬತ್ತಿ. ಆಮ್ಲಜನಕದ ಲೆಕ್ಕ ಸರಿಯಾಗಿದ್ದರೆ ನೀರು ಮೊದಲಿನಷ್ಟೇ ಏರಬೇಕು, ಯಾಕೆಂದರೆ ಲೋಟದಲ್ಲಿರುವ ಗಾಳಿ ಅಷ್ಟೇ ತಾನೇ. ಬಿಸಿಯ ಲೆಕ್ಕ ಸರಿಯಾಗಿದ್ದರೆ ಜಾಸ್ತಿ ಏರಬೇಕು. ಊಹೆ ಬರೆಸಿ, ಮಾಡಿ ನೋಡಿ. ಜಾಸ್ತಿ ಏರುತ್ತದೆ.

ಎರಡು ವಿವರಣೆಗಳ ನಡುವೆ ಯಾವುದು ಸರಿ ಎಂದು ತೀರ್ಮಾನಿಸುವ ಪ್ರಯೋಗವನ್ನು ಏಳನೇ ತರಗತಿಯ ಮಕ್ಕಳು ಇಷ್ಟು ಸುಲಭವಾಗಿ ಮಾಡಬಹುದಾದ ಸಂದರ್ಭಗಳು ಕಡಿಮೆ. ಹಾಗಾಗಿ ನನಗೆ ಈ ಪ್ರಯೋಗ ತುಂಬಾ ಇಷ್ಟ. ಹಳೆಯ ತಪ್ಪು ವಿವರಣೆ ಇರುವುದೂ ಒಂದು ಲಾಭವೇ.

ಬೆಂಕಿ, ಹೊಗೆ, ಬುರುಬುರು ನೊರೆ. ಮಕ್ಕಳಿಗೆ ಇಂಥದ್ದೇ ಇಷ್ಟ. ತೋರಿಸಿದರೆ ತಪ್ಪಾ?

ತಪ್ಪೇನಿಲ್ಲ. ಆದರೆ "ವಾವ್" ಅಂದು ಮನೆಗೆ ಹೋದ ಮಗುವಿಗೆ ಅದು ಜಾದೂ ಪ್ರದರ್ಶನವಾಗಿ ಉಳಿಯುತ್ತದೆ. ವಿನೆಗರ್ ಮತ್ತು ಅಡುಗೆ ಸೋಡಾ ಹಾಕಿ ಜ್ವಾಲಾಮುಖಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಅಲ್ಲಿಗೆ ನಿಲ್ಲಿಸಬೇಡಿ. ಸೋಡಾ ಎರಡು ಪಟ್ಟು ಹಾಕಿದರೆ ನೊರೆ ಎರಡು ಪಟ್ಟು ಬರುತ್ತಾ? ಯಾವಾಗ ನಿಲ್ಲುತ್ತದೆ? ಇಷ್ಟು ಕೇಳಿದರೆ ಜಾದೂ ವಿಜ್ಞಾನವಾಗುತ್ತದೆ. ಇನ್ನೊಂದು ವಿಷಯ: ನಿಜವಾದ ಜ್ವಾಲಾಮುಖಿ ಹೀಗೆ ಕೆಲಸ ಮಾಡುವುದಿಲ್ಲ ಎಂದೂ ಹೇಳಿ. ಎಷ್ಟೋ ಮಕ್ಕಳು ಭೂಮಿಯೊಳಗೆ ಸೋಡಾ ಇದೆ ಎಂದೇ ತಿಳಿದಿರುತ್ತಾರೆ.

ಇಡೀ ಊರು ಸೇರಿ ಮಾಡಬಹುದಾದ ಒಂದು ಕಾರ್ಯಕ್ರಮ ಹೇಳಿ.

ಶೂನ್ಯ ನೆರಳಿನ ದಿನ. ಕಣ್ಣು ಮುಚ್ಚಿಕೊಂಡು ಇದನ್ನೇ ಹೇಳುತ್ತೇನೆ.

ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಿಜಕ್ಕೂ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷದಲ್ಲಿ ಎರಡೇ ಸಲ. ಅದೂ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ಮಾತ್ರ. ದೆಹಲಿಯವರಿಗೆ ಈ ದಿನ ಇಲ್ಲವೇ ಇಲ್ಲ. ದುಬೈ ಕನ್ನಡಿಗರಿಗೂ ಇಲ್ಲ, ಪಾಪ. ಕರ್ನಾಟಕದ ಎಲ್ಲ ಊರಿಗೂ ಇದೆ. ಆ ದಿನ, ಆ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ.

ಬೆಂಗಳೂರು, ಮಂಗಳೂರಿನಲ್ಲಿ ಇದು ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಮೈಸೂರಿನಲ್ಲಿ ಏಪ್ರಿಲ್‌ನಲ್ಲಿ ಒಂದೆರಡು ದಿನ ಮುಂಚೆ. ಉತ್ತರಕ್ಕೆ ಹೋದಂತೆ ದಿನ ಮುಂದೆ ಸರಿಯುತ್ತದೆ: ಹುಬ್ಬಳ್ಳಿ, ಬೆಳಗಾವಿಗೆ ಮೇ ಮೊದಲ ವಾರ, ಕಲಬುರಗಿ, ಬೀದರ್‌ಗೆ ಮೇ ಎರಡನೇ ವಾರ. ಎರಡನೇ ಸಲ ಇದೇ ಮೆರವಣಿಗೆ ಉಲ್ಟಾ. ಬೀದರ್‌ನಲ್ಲಿ ಆಗಸ್ಟ್ ಶುರುವಿನಲ್ಲೇ ಮುಗಿದು, ಕೆಳಗಿಳಿಯುತ್ತಾ ಬಂದು ಬೆಂಗಳೂರು ದಾಟುತ್ತದೆ.

ಹೊತ್ತಿನ ಬಗ್ಗೆ ಒಂದು ಎಚ್ಚರಿಕೆ. ಗಡಿಯಾರದ 12 ಗಂಟೆಗೆ ಹೋಗಿ ನಿಂತರೆ ನಿರಾಶೆಯಾಗುತ್ತದೆ. ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ನಮ್ಮ ನಡುಮಧ್ಯಾಹ್ನ ತಡ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಮಾರು 12.17ಕ್ಕೆ, ಮಂಗಳೂರಿನಲ್ಲಿ 12.29ರ ಹೊತ್ತಿಗೆ. ನಿಮ್ಮ ಊರಿನ ಹೊತ್ತು ಗೊತ್ತಿಲ್ಲವಾ? 11.45ರಿಂದಲೇ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಅತಿ ಚಿಕ್ಕ ನೆರಳು ಯಾವಾಗ ಬಂತೋ ಅದೇ ನಿಮ್ಮ ಊರಿನ ನಿಜವಾದ ಮಧ್ಯಾಹ್ನ.

ಕೋಲು ನೆಟ್ಟಗಿದೆಯಾ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಿ. ಊರಲ್ಲಿ ಗಾರೆ ಕೆಲಸದವರಿದ್ದರೆ ಅವರನ್ನೇ ಕರೆಯಿರಿ. ಈ ವಿಷಯದಲ್ಲಿ ಅವರು ನಮಗಿಂತ ಪಕ್ಕಾ.

ಈಗ ಇದರ ಅಸಲಿ ರುಚಿ. ಸುಮಾರು 2,200 ವರ್ಷ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಎಂಬಾತ ಇದೇ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಇಂದು ಅಸ್ವಾನ್ ಎನ್ನುವ ಊರಿನಲ್ಲಿ ನೆರಳಿಲ್ಲದ ದಿನ, ದೂರದ ಅಲೆಕ್ಸಾಂಡ್ರಿಯಾದಲ್ಲಿ ನೆರಳಿತ್ತು. ಆ ನೆರಳಿನಿಂದ ಸಿಕ್ಕ ಸೂರ್ಯಕಿರಣದ ಓರೆಯ ಕೋನ ಪೂರ್ತಿ ವೃತ್ತದ ಐವತ್ತನೇ ಒಂದು ಭಾಗ. ಹಾಗಾದರೆ ಎರಡು ಊರಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ.

ನಾವೂ ಮಾಡಬಹುದು. ಬೆಂಗಳೂರಿನ ಶೂನ್ಯ ನೆರಳಿನ ದಿನ ಕಲಬುರಗಿಯ ಒಬ್ಬರು ಮೇಷ್ಟ್ರನ್ನು ಫೋನಿನಲ್ಲಿ ಹಿಡಿಯಿರಿ. ಅಲ್ಲಿ ಅವರು ಒಂದು ಮೀಟರ್ ಕೋಲು ನಿಲ್ಲಿಸಿ ತಮ್ಮ ಊರಿನ ನಡುಮಧ್ಯಾಹ್ನಕ್ಕೆ ನೆರಳು ಅಳೆಯಲಿ. ಸುಮಾರು ಏಳೂವರೆ ಸೆಂಟಿಮೀಟರ್ ಬರಬೇಕು, ನೆರಳು ಉತ್ತರಕ್ಕೆ ಬಿದ್ದಿರುತ್ತದೆ. ಕೋಲು ಮತ್ತು ನೆರಳಿನ ತ್ರಿಕೋನವನ್ನು ಕಾಗದದ ಮೇಲೆ ಅಳತೆಗೆ ಬರೆದು ಕೋಲಿನ ಮೇಲ್ತುದಿಯಲ್ಲಿ ಕೋನಮಾಪಕ ಇಟ್ಟರೆ ಕೋನ 4.4 ಡಿಗ್ರಿಯ ಹತ್ತಿರ. 360ನ್ನು ಅದರಿಂದ ಭಾಗಿಸಿದರೆ ಸುಮಾರು 82. ಎರಡು ಊರಿನ ನಡುವಿನ ಉತ್ತರ-ದಕ್ಷಿಣ ದೂರ ಸುಮಾರು 485 ಕಿಲೋಮೀಟರ್. ಬಸ್ಸಿನ ದೂರ ತೆಗೆದುಕೊಳ್ಳಬೇಡಿ, ರಸ್ತೆ ಸುತ್ತಿ ಹೋಗುತ್ತದೆ. ಭೂಪಟದ ಮೇಲೆ ಸ್ಕೇಲಿಟ್ಟು ಅಳೆಯಿರಿ. ಗುಣಿಸಿದರೆ 40 ಸಾವಿರ ಕಿಲೋಮೀಟರಿನ ಹತ್ತಿರ ಬರುತ್ತದೆ. ಪುಸ್ತಕದಲ್ಲಿರುವುದೂ ಅಷ್ಟೇ.

ಎರಡು ಕೋಲು, ಒಂದು ಫೋನ್, ಒಂದು ಭಾಗಾಕಾರ, ಒಂದು ಗುಣಾಕಾರ. ಭೂಮಿಯ ಅಳತೆ ಸಿಕ್ಕಿತು.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಏನು ಮಾಡೋದು?

ಇದು ನಿಜವಾದ ತಲೆನೋವು. ಏಪ್ರಿಲ್, ಮೇ ತಿಂಗಳಲ್ಲಾದರೆ ಬೇಸಿಗೆ ಶಿಬಿರಕ್ಕೆ ಸೇರಿಸಿ. ಅಜ್ಜಿ ಮನೆಗೆ ಹೋದ ಮಕ್ಕಳು ಅಲ್ಲಿಂದಲೇ ನೆರಳಿನ ಅಳತೆ ಕಳಿಸಿದರೆ ಇನ್ನೂ ಒಳ್ಳೆಯದು, ಬೇರೆ ಬೇರೆ ಊರಿನ ಲೆಕ್ಕ ಪುಕ್ಕಟೆ ಸಿಗುತ್ತದೆ. ಆಗಸ್ಟ್‌ನಲ್ಲಿ ಹಿಂದೆ ಮುಂದೆ ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ತಪ್ಪಿದರೆ ನೆರಳಿನಲ್ಲಿ ಬರುವ ವ್ಯತ್ಯಾಸ ಬರಿಗಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಕನ್ನಡ ಪದಗಳನ್ನೇ ಬಳಸಬೇಕಾ, ಇಂಗ್ಲಿಷ್ ಪದ ಬಂದರೆ ಪರವಾಗಿಲ್ವಾ?

ಪರವಾಗಿಲ್ಲ. ಒಣದ್ರಾಕ್ಷಿ ರಾತ್ರಿಯಿಡೀ ನೆನೆದು ಉಬ್ಬಿದ್ದನ್ನು ಮೊದಲು ಮಗು ಮುಟ್ಟಿ ನೋಡಲಿ. ಸಿಪ್ಪೆ ದಾಟಿ ನೀರು ಒಳಗೆ ಹೋಗುವ ಇದಕ್ಕೆ ಅಭಿಸರಣೆ ಎನ್ನುತ್ತೀರೋ ಆಸ್ಮೋಸಿಸ್ ಎನ್ನುತ್ತೀರೋ, ಹೆಸರು ಆಮೇಲೆ. ಪರೀಕ್ಷೆ ಯಾವ ಮಾಧ್ಯಮದಲ್ಲೋ ಆ ಹೆಸರನ್ನು ಮಾತ್ರ ಕೊನೆಗೆ ಬೋರ್ಡಿನ ಮೇಲೆ ಬರೆಯಿರಿ.

ಸಿಲಬಸ್ ಮುಗಿಸೋಕೇ ಸಮಯ ಇಲ್ಲ. ಇದೆಲ್ಲ ಯಾವಾಗ ಮಾಡೋದು?

ದಿನಾ ಮಾಡಬೇಕಿಲ್ಲ. ಒಂದು ಪಾಠಕ್ಕೆ ಒಂದು ಪ್ರಶ್ನೆ ಸಾಕು, ಆದರೆ ಸರಿಯಾದ ಪ್ರಶ್ನೆ ಇರಬೇಕು. ಋತುಗಳ ಪಾಠಕ್ಕೆ ಮುಂಚೆ "ಬೇಸಿಗೆಯಲ್ಲಿ ಸೆಕೆ ಯಾಕೆ?" ಎಂದು ಕೇಳಿ. ಹೆಚ್ಚಿನವರು ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ ಎನ್ನುತ್ತಾರೆ. ದೊಡ್ಡವರೂ ಅಷ್ಟೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ. ಬೀದರ್‌ನ ಮಕ್ಕಳು ಸ್ವೆಟರ್ ಹಾಕಿಕೊಂಡಿರುವ ಹೊತ್ತಿಗೇ ಸೂರ್ಯ ಹತ್ತಿರ ಇರುತ್ತಾನೆ! ಇಷ್ಟು ಹೇಳಿ ಒಂದು ನಿಮಿಷ ಸುಮ್ಮನಿರಿ. ಆಮೇಲೆ ಭೂಮಿಯ ಅಕ್ಷದ ಓರೆಯ ಪಾಠ ಮಾಡಿ. ಕಿವಿಗೊಟ್ಟು ಕೇಳುತ್ತಾರೆ.

ವಿಜ್ಞಾನ ಮೇಳಕ್ಕೆ ಮಾಡೆಲ್ ಮಾಡಿಸಲಾ?

ಥರ್ಮೋಕೋಲ್ ಮಾಡೆಲ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಅಪ್ಪ ಅಮ್ಮ ರಾತ್ರಿಯೆಲ್ಲ ಕೂತು ಅಂಟಿಸುತ್ತಾರೆ, ಮಗು ಬಾಯಿಪಾಠ ಒಪ್ಪಿಸುತ್ತದೆ. ಅದರ ಬದಲು ಮಗುವೇ ಅಳೆದ ಒಂದು ಚಿಕ್ಕ ಲೆಕ್ಕ ಇರಲಿ. ದೋಸೆ ಹಿಟ್ಟು ಒಲೆಯ ಪಕ್ಕ ಎಷ್ಟು ಹೊತ್ತಿಗೆ ಉಬ್ಬಿತು, ಕಿಟಕಿಯ ಪಕ್ಕ ಎಷ್ಟು ಹೊತ್ತಿಗೆ? ಅದನ್ನು ಗ್ರಾಫಿನಲ್ಲಿ ಬರೆದು ತಂದ ಹುಡುಗಿಗೆ ಎಷ್ಟು ಪ್ರಶ್ನೆ ಕೇಳಿದರೂ ಉತ್ತರ ಗೊತ್ತಿರುತ್ತದೆ, ಯಾಕೆಂದರೆ ನೋಡಿದವಳು ಅವಳೇ.

ಗ್ರಹಣದ ದಿನ ಒನಕೆ ತಾನಾಗಿ ನಿಲ್ಲುತ್ತೆ ಅಂತಾರೆ. ಹಿರಿಯರ ಮುಂದೆ ಹೇಗೆ ಮಾತಾಡೋದು?

ಜಗಳ ಮಾಡಬೇಡಿ. ಒನಕೆ ನಿಲ್ಲುವುದು ಸುಳ್ಳಲ್ಲ, ನಿಜವಾಗಿಯೂ ನಿಲ್ಲುತ್ತದೆ. ತಟ್ಟೆಯಲ್ಲಿ ನೀರು ಹಾಕಿ ನಡುವೆ ಒನಕೆ ನಿಲ್ಲಿಸುತ್ತಾರೆ, ಗ್ರಹಣ ಬಿಟ್ಟ ಮೇಲೆ ಬೀಳುತ್ತದೆ ಎನ್ನುತ್ತಾರೆ. ಪ್ರತಿ ಗ್ರಹಣಕ್ಕೂ ಟಿವಿಯಲ್ಲಿ ಇದನ್ನು ತೋರಿಸುತ್ತಾರೆ. "ಸುಳ್ಳು" ಎಂದು ನೀವು ಶುರು ಮಾಡಿದರೆ, ಕಣ್ಣಾರೆ ಕಂಡ ಅಜ್ಜಿ ನಿಮ್ಮ ಮಾತನ್ನು ಅಲ್ಲಿಗೇ ಬಿಡುತ್ತಾರೆ. ಬಿಡಬೇಕಾದದ್ದೇ.

ಕೇಳಬೇಕಾದ ಪ್ರಶ್ನೆ ಬೇರೆ. ಬೇರೆ ದಿನ ನಿಲ್ಲುತ್ತದಾ? ಯಾರೂ ನಿಲ್ಲಿಸಿ ನೋಡಿರುವುದಿಲ್ಲ. ಬುಡ ಸಮತಟ್ಟಾಗಿರುವ ಒನಕೆ, ಸಮತಟ್ಟಾದ ನೆಲ, ಸ್ವಲ್ಪ ತಾಳ್ಮೆ ಇದ್ದರೆ ಯಾವ ಮಂಗಳವಾರವೂ ನಿಲ್ಲುತ್ತದೆ. ಅದರ ಭಾರಕೇಂದ್ರದಿಂದ, ಅಂದರೆ ಇಡೀ ಭಾರ ಒಂದೇ ಕಡೆ ಸೇರಿದೆ ಎಂದು ಎಣಿಸಬಹುದಾದ ಬಿಂದುವಿನಿಂದ, ಇಳಿಬಿಟ್ಟ ಗೆರೆ ಬುಡದ ಒಳಗೇ ಬಿದ್ದರೆ ಆಯಿತು. "ಅಜ್ಜಿ, ನಿಮ್ಮ ಮನೆ ಒನಕೆ ಒಂದು ಸಲ ಕೊಡ್ತೀರಾ?" ಎಂದು ಕೇಳಿ, ಅವರ ಕೈಯಲ್ಲೇ ನಿಲ್ಲಿಸಿ. ನಿಂತ ಒನಕೆಗಿಂತ ಚೆನ್ನಾಗಿ ನೀವು ವಾದ ಮಾಡಲಾರಿರಿ.

ಗ್ರಹಣದ ಸೆಳೆತದಿಂದ ನಿಲ್ಲುತ್ತದೆ ಎನ್ನುವವರೂ ಇದ್ದಾರೆ. ಸೂರ್ಯ, ಚಂದ್ರ ಒಂದೇ ಕಡೆ ಇರುವುದು ಪ್ರತಿ ಅಮಾವಾಸ್ಯೆಗೂ ಇದ್ದದ್ದೇ. ಸೂರ್ಯಗ್ರಹಣದ ದಿನ ಆ ಸೆಳೆತದಲ್ಲಿ ಹೇಳಿಕೊಳ್ಳುವಂಥ ವಿಶೇಷ ಏನೂ ಇಲ್ಲ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣುತ್ತದೆ. ಮೋಡ ಬಿಡುವು ಕೊಟ್ಟರೆ, ರಟ್ಟಿನಲ್ಲಿ ಸೂಜಿಯಷ್ಟು ತೂತು ಮಾಡಿ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿ. ಮರದ ಎಲೆಗಳ ಸಂದಿಯಿಂದ ಬೀಳುವ ಬೆಳಕಿನ ಚುಕ್ಕೆಗಳನ್ನೂ ನೋಡಿ, ಅವೂ ಕಚ್ಚಿದ ದೋಸೆಯ ಆಕಾರದಲ್ಲಿರುತ್ತವೆ. ಎಕ್ಸ್‌ರೇ ಫಿಲ್ಮ್, ಕೂಲಿಂಗ್ ಗ್ಲಾಸ್, ಸಗಣಿ ನೀರಿನ ಪ್ರತಿಬಿಂಬ ಯಾವುದೂ ಬೇಡ. ಕಣ್ಣಿಗೆ ಅಪಾಯ.

ಫ್ಯಾಮಿಲಿ ಗ್ರೂಪಿನಲ್ಲಿ ಬರುವ ಸುಳ್ಳು ವಿಜ್ಞಾನಕ್ಕೆ ಉತ್ತರ ಕೊಡಬೇಕಾ?

ಎಲ್ಲದಕ್ಕೂ ಕೊಡುತ್ತಾ ಕೂತರೆ ಹಬ್ಬಕ್ಕೆ ಯಾರೂ ಕರೆಯಲ್ಲ. ನಿರುಪದ್ರವಿ ಸಂದೇಶಗಳನ್ನು ಬಿಟ್ಟುಬಿಡಿ. ಔಷಧಿ ನಿಲ್ಲಿಸಿ ಎನ್ನುವಂಥದ್ದಕ್ಕೆ ಮಾತ್ರ ಉತ್ತರಿಸಿ, ಅದೂ ಕಳಿಸಿದವರಿಗೆ ಖಾಸಗಿಯಾಗಿ. "ಇವತ್ತು ರಾತ್ರಿ ಕಾಸ್ಮಿಕ್ ಕಿರಣ ಭೂಮಿಯ ಹತ್ತಿರ ಹಾದುಹೋಗುತ್ತೆ, ಮೊಬೈಲ್ ಆಫ್ ಮಾಡಿ" ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಅದಕ್ಕೆ ಒಂದು ಸಾಲು ಸಾಕು: ಕಾಸ್ಮಿಕ್ ಕಿರಣ ದಿನಾ ಬರುತ್ತದೆ ಮಾವ, ಈಗಲೂ ಬರುತ್ತಿದೆ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ?

"ಗೊತ್ತಿಲ್ಲ, ಹುಡುಕೋಣ" ಎನ್ನಿ. ಬೋರ್ಡಿನ ಮೂಲೆಯಲ್ಲಿ ಆ ಪ್ರಶ್ನೆ ಬರೆದಿಡಿ. ಅಳಿಸಬೇಡಿ.

ಸಾಮಾನ್ಯ ಎನಿಸುವ ಪ್ರಶ್ನೆಗಳನ್ನು ಕೀಳಾಗಿ ನೋಡಬೇಡಿ. ಸಿ.ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಬರುವಾಗ ಕೇಳಿಕೊಂಡದ್ದು ಸಮುದ್ರ ಯಾಕೆ ನೀಲಿ ಎಂದು. ಆ ದಾರಿ ಹಿಡಿದು ಹೋಗಿ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ಮುಟ್ಟಿದರು: ವಸ್ತುವಿನಿಂದ ಚದುರಿದ ಬೆಳಕಿನಲ್ಲಿ ಒಂದು ಚೂರು ಬಣ್ಣ ಬದಲಿಸಿರುತ್ತದೆ ಎಂಬುದು ಅದು. ಅದಕ್ಕೇ ಆ ದಿನ ರಾಷ್ಟ್ರೀಯ ವಿಜ್ಞಾನ ದಿನ. ಶಾಲೆಯಲ್ಲಿ ಆ ದಿನ ಭಾಷಣ ಸಾಕು ಮಾಡಿ ಕೋಣೆ ಕತ್ತಲು ಮಾಡಿ. ಒಂದು ಗಾಜಿನ ಲೋಟ ನೀರಿಗೆ ಕೆಲವು ಹನಿ ಹಾಲು ಹಾಕಿ ಮೊಬೈಲ್ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ತುಸು ನೀಲಿ, ಎದುರಿನಿಂದ ನೋಡಿದರೆ ಕಿತ್ತಳೆ. ಹಗಲಿನ ಆಕಾಶ, ಸಂಜೆಯ ಸೂರ್ಯ ಎರಡೂ ಒಂದೇ ಲೋಟದಲ್ಲಿ.

ದೊಡ್ಡವರ ಸಭೆಯಲ್ಲಿ ಮಾತಾಡಬೇಕು. ಏನಾದರೂ ಸಲಹೆ?

ಅರ್ಧ ಗಂಟೆ ಮಾತು, ಅರ್ಧ ಗಂಟೆ ಪ್ರಶ್ನೆ. ಸ್ಲೈಡ್ ಕಡಿಮೆ, ಕೈಯಲ್ಲಿ ಹಿಡಿದು ತೋರಿಸುವ ವಸ್ತು ಒಂದಾದರೂ ಇರಲಿ. ಕೋಟಿಗಳ ಲೆಕ್ಕ ಹೇಳುವಾಗ ನಿಧಾನ ಮಾಡಿ.

ಮತ್ತೆ, ಒಂದೇ ದೊಡ್ಡ ಕಾರ್ಯಕ್ರಮಕ್ಕಿಂತ ತಪ್ಪದೆ ನಡೆಯುವ ಸಣ್ಣದು ಮೇಲು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎನ್ನುವುದು ಅವರ ನಿಲುವು. ನಿಮ್ಮ ಊರಿನಲ್ಲಿ ತಿಂಗಳಿಗೊಂದು ಮಾಡಿದರೂ ಸಾಕು, ಆದರೆ ಎರಡನೇ ಶನಿವಾರ ಎಂದರೆ ಎರಡನೇ ಶನಿವಾರವೇ ಆಗಬೇಕು.

ಯಾವುದನ್ನು ಮಾಡಿಸಲೇಬಾರದು?

ಮನೆಯ ಕರೆಂಟಿಗೆ ನೇರ ಜೋಡಿಸುವ ಯಾವುದೂ ಬೇಡ, ಟಾರ್ಚಿನ ಸೆಲ್ ಸಾಕು. ಒಡೆದ ಥರ್ಮಾಮೀಟರಿನ ಪಾದರಸದ ಜೊತೆ ಆಟ ಬೇಡ. ಮೊಬೈಲ್ ಬ್ಯಾಟರಿ ಬಿಚ್ಚಬಾರದು. ಸುಟ್ಟ ಸುಣ್ಣಕ್ಕೆ ನೀರು ಹಾಕುವುದನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಹಾರಿದರೆ ಕಷ್ಟ. ಅರಿಶಿನದ ಪ್ರಯೋಗಕ್ಕೆ ಎಲೆ ಅಡಿಕೆಯ ಸುಣ್ಣ ಚಿಟಿಕೆ ಸಾಕು, ಅದನ್ನೂ ದೊಡ್ಡವರೇ ಹಾಕಲಿ. ಬೆಂಕಿ ಇದ್ದಲ್ಲಿ ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು.

ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರೂ ತಾರಾಲಯ. ಮಂಗಳೂರಿನ ಹತ್ತಿರ ಪಿಲಿಕುಳ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳ ಬಾಗಿಲನ್ನು ಎಲ್ಲರಿಗೂ ತೆರೆಯುತ್ತದೆ. ಜನಜಂಗುಳಿ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ದೂರ ಹೋಗಲು ಆಗದವರು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯ ಹಳೆಯ ಸಂಚಿಕೆಗಳು ಶಾಲೆಯ ಕಪಾಟಿನಲ್ಲಿ ಇವೆಯಾ ಎಂದು ನೋಡಿ. ಎಲ್ಲಿಗೇ ಹೋದರೂ ಎಲ್ಲವನ್ನೂ ನೋಡಿಸುವ ಆತುರ ಬೇಡ. ಮಕ್ಕಳು ಒಂದೇ ಯಂತ್ರದ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ, ಬಸ್ಸಿನವರಿಗೆ ಮೊದಲೇ ಹೇಳಿಟ್ಟಿರಿ.